ಮಗನಿಗೆ ಹೇಳಿದ ಕತೆ

ಮಣಿಪಾಲದ ಆಸ್ಪತ್ರೆಯಲ್ಲಿ ಮಗಳ ಜ್ವರದ ಮದ್ದಿಗೆ ಸಾಲು ನಿಂತಿದ್ದೆ. ನನ್ನ ಮುಂದೆ ಕಾಪು ಊರಿನ ಒಬ್ಬ ಅಕ್ಕ, ಅವಳ ತಮ್ಮ.

“ನಿನ್ನ ಮಗ ಬೀಸಿದ ಕತ್ತಿಗೆ ಪಕ್ಕದ ಮನೆ ಶೇಖರಣ್ಣನ ಕೈಯೇ ಹೋಯಿತಲ್ಲ ಅಕ್ಕ!”

“ಗೊತ್ತುಂಟು.”

“ಭಾವ ಕುಡಿದು ಬಾವಿಗೆ ಬಿದ್ದದ್ದು. ಇಳಿದು ಹೆಣ ಎತ್ತಿದ್ದೇ ಶೇಖರಣ್ಣ. ಅವರೇ ದೂಡಿದ್ದು ಅಂತ ಯಾಕೆ ಹೇಳಿದೆ?”

“ಕುಡುಕನ ಮಗ ಅಂತ ಶಾಲೆಯಲ್ಲಿ ಎಲ್ಲರೂ ನಗುತ್ತಿದ್ದರು ಮಾರಾಯ. ಆ ಕತೆ ಕೇಳಿದ ಮೇಲೆಯೇ ಅವನು ತಲೆ ಎತ್ತಿ ನಡೆದದ್ದು.”

“ಈಗ ಲಾಕಪ್ಪಿನಲ್ಲಿ ಕೂತು, ಇನ್ನೊಂದು ಕೈಯೂ ಕಡಿಯುತ್ತೇನೆ ಅಂತಿದ್ದಾನೆ. ನಿಜ ಹೇಳು.”

“ಹೇಳಿದರೆ ಅವನು ಅದೇ ಬಾವಿಗೆ ಹಾರುತ್ತಾನೆ.”

“ಶೇಖರಣ್ಣನಿಗೂ ಮಗ ಇದ್ದಾನೆ. ಅವನು ಕತ್ತಿ ಹಿಡಿದು ಬಂದರೆ ಎಂತ ಕತೆ ಹೇಳ್ತಿ?”

ಅಕ್ಕ ಕೈಯಲ್ಲಿದ್ದ ಮದ್ದಿನ ಚೀಟಿಯನ್ನು ತಮ್ಮನ ಕೈಗೆ ತುರುಕಿದಳು.

“ಮದ್ದು ತೆಗೆದು ಶೇಖರಣ್ಣನಿಗೆ ಕೊಡು. ನಾನು ಠಾಣೆಗೆ ಹೋಗುತ್ತೇನೆ.”