ಹರಿಯಲಾಗದ ಹಾಳೆ

ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯವನಿಗೆ ಆ ಇಬ್ಬರೂ ಹಳೇ ಗಿರಾಕಿಗಳು. ಅವಳು ನರ್ಸು, ಅವನು ಬಸ್ ಡ್ರೈವರು. ವಿಚ್ಛೇದನವಾದ ಮೇಲೆ ಮಗಳು ಯಾವಾಗ ಯಾರ ಮನೆಯಲ್ಲಿರಬೇಕು ಅನ್ನೋ ಹಾಳೆಯನ್ನು ಐದು ಸಲ ತಂದಿದ್ದರು. ಐದು ಸಲವೂ ಹಾವು ಮುಂಗುಸಿಯ ಹಾಗೆ ಕಿತ್ತಾಡಿ, ಅಲ್ಲೇ ಹರಿದು ಹಾಕಿದ್ದರು. ಇವತ್ತು ಅವರನ್ನು ಕಂಡೊಡನೆ ಅಂಗಡಿಯವನು ಕಸದ ಬುಟ್ಟಿಯನ್ನು ಕಾಲಲ್ಲೇ ಮುಂದಕ್ಕೆ ತಳ್ಳಿದ.

"ಇನ್ನೊಂದ್ಸಲ ಓದು," ಅಂದಳು ನರ್ಸು.

"ನಿನಗೆ ನೈಟ್ ಡ್ಯೂಟಿ ಇರೋ ವಾರ ನನ್ನ ಮನೇಲಿ. ನನಗೆ ಬೆಳಗಿನ ಮೊದಲ ಬಸ್ಸಿರೋ ವಾರ ನಿನ್ನ ಮನೇಲಿ."

"ಎರಡೂ ಒಂದೇ ವಾರ ಬಂದ್ರೆ?"

"ನಾನು ಡ್ಯೂಟಿ ಬದಲಾಯಿಸ್ಕೋತೀನಿ. ಬರೆದಿದೀನಿ ನೋಡು."

"ಇಷ್ಟು ದಿನ ನಿನಗೆ ಮೂರೂವರೆ ದಿನ, ನನಗೆ ಮೂರೂವರೆ ದಿನ ಅಂತ ಮಗೂನ ತಕ್ಕಡೀಲಿ ಕೂರಿಸಿದ್ವಲ್ಲ."

"ಎರಡು ಡ್ಯೂಟಿ ಚಾರ್ಟೂ ಪಕ್ಕಪಕ್ಕ ಇಟ್ಟು ನೋಡಿ ಅಂತ ಅವಳೇ ಹೇಳಬೇಕಾಯ್ತು. ಒಂಬತ್ತು ವರ್ಷದವಳು."

"ಜ್ವರ ಬಂದ್ರೆ?"

"ಯಾರ ಮನೇಲಿದಾಳೋ ಅವರು ನೋಡ್ಕೋಬೇಕು. ಇನ್ನೊಬ್ಬರು ಫೋನ್ ಮಾಡಬಹುದು, ಬೈಯೋ ಹಾಗಿಲ್ಲ."

"ಇದು ನನಗಂತಲೇ ಬರೆದಿದ್ದು."

"ಮೊದಲು ನನಗೆ. ಆಮೇಲೆ ನಿನಗೆ."

ಅವಳು ನಕ್ಕುಬಿಟ್ಟಳು. ಆ ನಗುವನ್ನು ಅಂಗಡಿಯವನು ಅದೇ ಮೊದಲು ಕೇಳಿದ್ದು.

"ಎರಡು ಕಾಪಿ ಕೊಡಿ ಅಣ್ಣ, ಎರಡೂ ಮನೆ ಗೋಡೆಗೆ. ಲ್ಯಾಮಿನೇಷನ್ ಮಾಡಿ."

"ಯೋಚನೆ ಮಾಡಿಮ್ಮ. ಲ್ಯಾಮಿನೇಷನ್ ಆದ್ಮೇಲೆ ಹರಿಯೋಕಾಗಲ್ಲ."

"ಅದಕ್ಕೇ ಮಾಡಿ ಅನ್ನೋದು," ಅಂದರು ಇಬ್ಬರೂ ಒಟ್ಟಿಗೆ.

ಬಿಸಿ ಆರದ ಹಾಳೆಗಳನ್ನು ಬೀಸಣಿಗೆ ಮಾಡಿಕೊಂಡು ಅವಳು ಆಸ್ಪತ್ರೆ ಕಡೆಗೆ, ಅವನು ಬಸ್ ಸ್ಟ್ಯಾಂಡ್ ಕಡೆಗೆ ಹೊರಟರು. ಅಂಗಡಿಯವನು ಖಾಲಿ ಬುಟ್ಟಿಯನ್ನು ಮೂಲೆಗೆ ತಳ್ಳಿದ.