ಬಾಗಿಲಿಂದ ಶುರುವಾಗುವ ನಿಘಂಟು

ಇಲ್ಲ ಇಲ್ಲ, ನೀನು ಕೂತ್ಕೊಳ್ಳೋ ತನಕ ನಾನು ಒಂದು ಮಾತೂ ಆಡೋದಿಲ್ಲ, ಶಾಝಿಯಾ. ನಿಂತ್ಕೊಂಡು ಜಗಳ ಆಡೋದು ನಮ್ಮನೆ ಪದ್ಧತಿ ಅಲ್ಲ. ಕೂತ್ಕೊಂಡು ಆಡ್ತೀವಿ... ಬೇಡ್ವಾ? ಸರಿ, ನಿಂತೇ ಇರು. ನಾಲ್ಕು ಗಂಟೆಗೆ ನನ್ನ ನಿಘಂಟಿನ ಬಿಡುಗಡೆ. ಇನ್ನೂರು ಕುರ್ಚಿ ಹಾಕ್ಸಿದಾರೆ ಕನ್ನಡ ಕೂಟದವರು. ನೀನು ಗ್ಲೆಂಡೇಲ್ ಹೈಟ್ಸಿಂದ ಇಲ್ಲಿ ಓಕ್ ಬ್ರೂಕಿನ ತನಕ ಡ್ರೈವ್ ಮಾಡ್ಕೊಂಡು ಬಂದು, ಬಾಗಿಲು ತೆಗೆದ ತಕ್ಷಣ 'ಶೇಷಗಿರಿ ಅಂಕಲ್, ನೀವು ಕಳ್ಳ' ಅಂದು, ಆಮೇಲೆ ಬಾಯಿ ಮುಚ್ಕೊಂಡ್ರೆ ಹೇಗಮ್ಮ? ನಾನು ನಾಲ್ಕು ಸಾವಿರ ಪದ ಬರೆದವನು. ನೀನು ಒಂದೇ ಪದಕ್ಕೆ ಮುಗಿಸಿಬಿಟ್ಟೆ!

ನೋಡು, ಪುಸ್ತಕ ನಿನ್ನ ಕೈಲೇ ಇದೆ. ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ರೊಮೇನಿಯನ್... ಲ್ಯಾಟಿನ್ ಅನ್ನೋ ತಾಯಿಯ ನಾಲ್ಕು ಹೆಣ್ಣುಮಕ್ಕಳು ಒಟ್ಟಿಗೇ ಕನ್ನಡದ ಮನೆಗೆ ಸೊಸೆಯರಾಗಿ ಬಂದಿದಾರೆ. ಮುನ್ನುಡಿಯ ಮಾತು ಅದು. ಕೂಟದಲ್ಲಿ ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ರು.

ಯಾಕೆ ನಗ್ತೀಯ?

ನಿಮ್ಮಮ್ಮ ಅಖ್ತರಿ ಒಳ್ಳೆ ಹೆಂಗಸು, ನಾನೇನೂ ಇಲ್ಲ ಅನ್ನಲ್ಲ. ಡೆಸ್ ಪ್ಲೇನ್ಸಲ್ಲಿ ಏರ್‌ಪೋರ್ಟ್ ಪಕ್ಕದ ಹೋಟೆಲಲ್ಲಿ ಇಪ್ಪತ್ತೆರಡು ವರ್ಷ ರೂಮು ಕ್ಲೀನ್ ಮಾಡಿದ್ರು. ಜೊತೆಗೆ ಕೆಲಸ ಮಾಡ್ತಿದ್ದ ಮೆಕ್ಸಿಕೋದವಳು, ಬ್ರೆಜಿಲಿನವಳು, ರೊಮೇನಿಯಾದವಳು, ಇನ್ನೊಬ್ಬಳು ಫ್ರೆಂಚ್ ಮಾತಾಡೋ ಟೋಗೋದವಳು, ಅವರನ್ನೆಲ್ಲ ಇದಕ್ಕೇನಂತೀರಿ, ಅದಕ್ಕೇನಂತೀರಿ ಅಂತ ಕೇಳಿ ಕೇಳಿ ಬರ್ಕೊಂಡಿದ್ರು. ಹನ್ನೊಂದು ನೋಟ್‌ಬುಕ್ಕು. ಒಳ್ಳೇ ಹವ್ಯಾಸ. ಆದ್ರೆ ಪದ ಬರ್ಕೊಳ್ಳೋದಕ್ಕೂ ನಿಘಂಟು ಮಾಡೋದಕ್ಕೂ ವ್ಯತ್ಯಾಸ ಇದೆಯಲ್ಲಮ್ಮ. ಮಂಚದ ಶೀಟ್ ಬದಲಾಯಿಸೋರೆಲ್ಲ ನಿಘಂಟುಕಾರರಾದ್ರೆ... ಇರಲಿ. ಹಾಗೆ ನೋಡಬೇಡ. ಆ ಮಾತು ವಾಪಸ್ ತಗೊಂಡೆ.

ಅವರು ತೀರಿಕೊಂಡ ಮೇಲೆ ನಿಮ್ಮಪ್ಪ ಖಾದರ್ ಸಾಹೇಬ್ರು ಆ ನೋಟ್‌ಬುಕ್ ತಂದ್ಕೊಟ್ರು. ಟೈಪ್ ಮಾಡ್ಸಿ, ಅವಳ ಹೆಸರಲ್ಲಿ ಒಂದು ಪುಸ್ತಕ ಅಂತ ಆಗಲಿ ಅಂದ್ರು. ನಾನು ಒಪ್ಕೊಂಡೆ. ಅದೇ ಏಪ್ರಿಲಲ್ಲಿ ಮೂರು ದಿನ ಮಳೆ, ನೀರು ಹೊರಗೆ ಹಾಕೋ ಪಂಪು ಕೈಕೊಡ್ತು, ಬೇಸ್‌ಮೆಂಟಿಗೆ ನೀರು ನುಗ್ತು. ಅಲ್ಲಿಟ್ಟಿದ್ದ ಹನ್ನೊಂದೂ ಮುದ್ದೆ! ನಾನು ಇನ್ನೂ ಬ್ಯಾಗಿನ ಗಂಟೇ ಬಿಚ್ಚಿರಲಿಲ್ಲ. ಒಂದು ಪುಟ, ಒಂದೇ ಒಂದು ಪುಟ ತಿರುವಿ ನೋಡಿರಲಿಲ್ಲ. ಅವತ್ತೇ ನಿಮ್ಮಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ನಂಬಿದ್ರು. ಸಜ್ಜನರು. ಆ ಗುಣ ಮಕ್ಕಳಿಗೆ ಬರೋದು ಕಮ್ಮಿ.

ಆಮೇಲೆ ನಾನೇ ಮೊದಲಿಂದ ಕೂತೆ. ಐದು ವರ್ಷ! ನನ್ನ ಬೆನ್ನು ನೋಡು, ಹೇಗಾಗಿದೆ.

ಏನು ಹುಡುಕ್ತಿದೀಯ ಅದರಲ್ಲಿ? ಕನ್ನಡ ಓದೋಕೆ ಬರಲ್ಲ ನಿಂಗೆ. ಇಲ್ಲಿ ಹುಟ್ಟಿದ ಮಕ್ಕಳಿಗೆ... ಅರೆ, ಬೆರಳಿಟ್ಟು ಓದ್ತಿದೀಯಲ್ಲ! ಯಾರು ಕಲಿಸಿದ್ದು?

ಹೌದು. ನಿಮ್ಮಮ್ಮ ಬಿಟ್ರೆ ಇನ್ಯಾರು ಕಲಿಸ್ತಾರೆ.

ಸರಿ, ಓದು. ಮೊದಲನೇ ಪುಟ. ಅಕಾರಾದಿ ಯಾಕಿಲ್ಲ ಅಂತ ತಾನೇ ನಿನ್ನ ಹುಬ್ಬು ಮೇಲೇರಿದ್ದು? ಬೆಂಗಳೂರಿನ ಪ್ರಕಾಶಕರೂ ಅದನ್ನೇ ಕೇಳಿದ್ರು. ಇದು ಅನುಭವದ ಕ್ರಮ ಸ್ವಾಮಿ ಅಂದೆ. ಮನುಷ್ಯ ಲೋಕದೊಳಗೆ ಕಾಲಿಡೋ ಕ್ರಮ! ಮೊದಲು 'ತಟ್ಟು'. ಆಮೇಲೆ 'ಬಾಗಿಲು'. ಆಮೇಲೆ 'ಒಳಗೆ ಯಾರಾದ್ರೂ ಇದೀರಾ'. ಆಮೇಲೆ ಪರದೆ, ಕಿಟಕಿ, ಕಸದ ಬುಟ್ಟಿ, ಶೀಟು, ದಿಂಬು... ಆಳವಾದ ಕ್ರಮ ಅದು. ತತ್ವಶಾಸ್ತ್ರ ಇದೆ ಅದರ ಹಿಂದೆ.

ಪುಟ ತಿರುಗಿಸಬೇಡ ಸುಮ್ಮನೆ. ಹೌದು, ನಾನು ಇಲ್ಲಿಗೆ ಬರೋ ಮುಂಚೆ ಡೆಟ್ರಾಯಿಟ್ ಹತ್ರ ಮೂವತ್ತು ವರ್ಷ ಕಾರಿನ ಬ್ರೇಕ್ ಡಿಸೈನ್ ಮಾಡಿದವನು. ಹೌದು, ಇದರಲ್ಲಿ 'ಬ್ರೇಕ್' ಇಲ್ಲ. 'ಕಾರು'? ಅದೂ ಇಲ್ಲ. ದಿಂಬಿಗೆ ಸಂಬಂಧಪಟ್ಟು ಹದಿನೇಳು ಪದ ಇದೆ, ಎಣಿಸೋದು ಬೇಡ, ನನಗೆ ಗೊತ್ತು. ಅದಕ್ಕೇನೀಗ? ನನಗೂ ದಿಂಬಿದೆ. ನಾನೂ ಮಲಗ್ತೀನಿ.

ಮತ್ತೆ ಮೊದಲ ಪುಟ. ಏನದು ಬೆರಳಲ್ಲಿ ಕುಟ್ಟೋದು? ಪರದೆ? ಹಾಸಿಗೆಗಿಂತ ಪರದೆ ಮೊದಲು ಯಾಕೆ ಅಂತಾನಾ? ಅಷ್ಟೂ ಗೊತ್ತಾಗಲ್ವಾ! ಪರದೆ ಸರಿಸಿದ್ರೇನೇ ಬೆಳಕು, ಬೆಳಕಿದ್ರೇನೇ ಶೀಟಿನ ಮೇಲೆ ಬಿದ್ದ ಕೂದಲು ಕಾಣೋದು. ಶೀಟ್ ಕೊಡವಿದ ಮೇಲೇ ಧೂಳು ಒರೆಸೋದು, ಮೊದಲೇ ಒರೆಸಿದ್ರೆ ಕೆಲಸ ಎರಡು. ವ್ಯಾಕ್ಯೂಮ್ ಎಲ್ಲಕ್ಕಿಂತ ಕೊನೆಗೆ, ಹಿಂದೆ ಹಿಂದೆ ನಡ್ಕೊಂಡು ಬಾಗಿಲ ತನಕ... ಕಾರ್ಪೆಟ್ ಮೇಲೆ ನಮ್ಮ ಹೆಜ್ಜೆ ಉಳೀಬಾರದು, ಒಳಗೆ ಯಾರೂ ಬಂದೇ ಇಲ್ಲ ಅನ್ನೋ ಹಾಗಿರಬೇಕು ಅಂತ ಮೂರನೇ ನೋಟ್‌ಬುಕ್ಕಲ್ಲಿ ಅವರೇ...

ಮೂರನೇ ಅಧ್ಯಾಯ. ಅಧ್ಯಾಯ ಅಂದೆ ನಾನು.

ಅಂದೆನಲ್ಲ?

ಏನಾದ್ರೂ ಹೇಳು. ಬೈಯಿ. ಇಂಗ್ಲಿಷಲ್ಲೇ ಬೈಯಿ, ಪರವಾಗಿಲ್ಲ. ಬಂದಾಗ ಇದ್ದ ಬಾಯಿ ಎಲ್ಲಿ ಹೋಯ್ತು?

ಒಂದು ಕೆಲಸ ಮಾಡೋಣ. ವೇದಿಕೆ ಮೇಲೆ ನಿಮ್ಮಪ್ಪನಿಗೆ ಶಾಲು ಹೊದಿಸೋಣ. ಬೇಡ್ವಾ? ಮುಂದಿನ ಮುದ್ರಣದಲ್ಲಿ ಹಿಂಬದಿ ರಕ್ಷಾಪುಟಕ್ಕೆ ನಿಮ್ಮಮ್ಮನ ಹೆಸರು, ಪ್ರೇರಣೆ ಅಂತ. ಫೋಟೋ ಸಮೇತ!... ಮುಂಬದಿಗೆ ಆಗಲ್ಲಮ್ಮ. ಅಲ್ಲಿ ಒಬ್ಬರ ಹೆಸರಿಗಷ್ಟೇ ಜಾಗ ಬಿಟ್ಟಿದಾರೆ, ಡಿಸೈನ್ ಹಾಗಿದೆ. ಏನು ಮಾಡೋಕಾಗುತ್ತೆ?

ಎಲ್ಲಿ ನೋಡ್ತಿದೀಯ? ಅದು ಮಹಡಿ ಮೆಟ್ಟಿಲು. ಮೇಲೆ ಏನಿಲ್ಲ. ನನ್ನ ಓದೋ ಕೋಣೆ ಇದೆ, ಗಲೀಜಾಗಿದೆ...

ಶಾಝಿಯಾ. ಕೇಳು. ಮಳೆ ಬಂದಿದ್ದು ನಿಜ. ಪಂಪು ಕೆಟ್ಟಿದ್ದೂ ನಿಜ. ಬೇಸ್‌ಮೆಂಟಿಗೆ ನೀರು ನುಗ್ಗಿದ್ದು ಇಡೀ ಬೀದಿಗೆ ಗೊತ್ತು, ಯಾರನ್ನ ಬೇಕಾದ್ರೂ ಕೇಳು. ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವೇ.

ನೋಟ್‌ಬುಕ್ ಮಾತ್ರ ಮೇಲಿತ್ತು.

ಒಂದೂ ಒದ್ದೆಯಾಗಿಲ್ಲ. ಚೆನ್ನಾಗಿ ಇಟ್ಕೊಂಡಿದೀನಿ, ಪ್ಲಾಸ್ಟಿಕ್ ಕವರ್ ಹಾಕಿ... ಎಲ್ಲಿಗೆ ಹೊರಟೆ? ಶಾಝಿಯಾ, ಹತ್ತಬೇಡ! ನನ್ನ ಮಂಡಿ ನೋವಿಗೆ ಅಷ್ಟು ಬೇಗ... ನಿಲ್ಲಮ್ಮ! ಇದು ಬರೀ ಮೊದಲನೇ ಸಂಪುಟ. ಅವನ್ನ ನೀನು ಈಗ ತಗೊಂಡು ಹೋದ್ರೆ, ಎರಡನೇದನ್ನ ನಾನು ಎಲ್ಲಿಂದ ಬರೀಲಿ?