ಎರಡನೇ ವಾರದ ತಲೆ

ಇಲ್ರೀ ಸಂಗೀತ ಮೇಡಂ, ಮೂರು ವಾರಾನೂ ಆ ಸ್ಕ್ಯಾನ್ ಮಿಷನ್‌ನಾಗೆ ಮಲಗಿದ್ದು ನಾನೇ. ಕುಬಟೂರಿನ ಕುರಿ ಜಯಪ್ಪ ಅಂದ್ರೆ ಈ ಕಡೆ ನಾನೊಬ್ನೇ... ಚಾ ಕುಡೀರಿ, ಆರ್ತೈತೆ.

ನೀವೇ ಹೇಳಿದ್ರಲ್ಲ. ಮೆದುಳು ತನ್ನ ಆಹಾರನ ಹೆಂಗೆ ಕರಗಿಸ್ತೈತೆ ಅಂತ ಮಿಷನ್ ಅಳೀತೈತೆ, ಒಂದೇ ತಲೆ ಮೂರು ಸಲ ಇಟ್ರೆ ಮೂರು ಸಲಾನೂ ಒಂದೇ ಲೆಕ್ಕ ಬರ್ಬೇಕು, ಬಂದ್ರೆ ಮಿಷನ್ ನಂಬಬಹುದು ಅಂತ. ಈಗ ಮೊದ್ಲೇದು, ಮೂರನೇದು ತಾಳೆ ಆಗ್ತೈತೆ, ಎರಡನೇದು ಆಗಲ್ಲ ಅಂತೀರಿ. ಪರೀಕ್ಷೆ ಇದ್ದಿದ್ದು ಮಿಷನ್‌ಗಾ, ನನಗಾ? ಫೇಲಾಗಿದ್ದು ಅದು. ಅದಕ್ಕೆ ಅಷ್ಟು ದೂರದ ಆಸ್ಪತ್ರೆಯಿಂದ ನನ್ನ ಮನೆ ಹುಡುಕ್ಕೊಂಡು ಬಂದೀರಲ್ಲ... ಯಾಕ್ರೀ ನಗ್ತೀರಿ?

ಏನು, ಬುರುಡೆ ಆಕಾರಾನೇ ಬೇರೆನಾ? ಆ ವಾರ ಕ್ಷೌರ ಮಾಡಿಸಿದ್ದೆ... ಓ, ಅದು ಅದ್ರಾಗೆ ಕಾಣಲ್ವಾ.

ಹೋಗ್ಲಿ ಬಿಡ್ರಿ, ಹೇಳ್ತೀನಿ. ಅವತ್ತು ಕುರಿಗೆ ಲಸಿಕೆ ಹಾಕೋಕೆ ಡಾಕ್ಟ್ರು ಬರೋರಿದ್ರು. ಸ್ಕ್ಯಾನ್‌ಗೆ ನನ್ನ ಬದ್ಲು ತಮ್ಮ ನಾಗೇಶನ್ನ ಕಳ್ಸಿದೆ. ನಮ್ಮಲ್ಲಿ ನಾಟಿಗೆ ಮುಯ್ಯಾಳು ಹೋಗೋದು ಹಂಗೇ ಅಲ್ವಾ... ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮನೆಯಿಂದ ಒಬ್ಬರು ಹೋದ್ರೆ ಸರಿ, ಅಣ್ಣನಾ ತಮ್ಮನಾ ಅಂತ ಯಾರೂ ಕೇಳಲ್ಲ. ಮಾತು ತಪ್ಪಬಾರ್ದು ಅಂತ ಕಳ್ಸಿದ್ದು ಕಣ್ರೀ. ನನ್ನ ಆಧಾರ್ ಕಾರ್ಡ್ ಕೊಟ್ಟಿದ್ದೆ. ಅದ್ರಾಗಿರೋ ಫೋಟೋ ನೋಡಿದ್ರೆ ನನ್ನ ಗುರುತು ನನಗೇ ಸಿಗಲ್ಲ, ನಿಮ್ಮೋರಿಗೆ ಎಲ್ಲಿ ಸಿಗಬೇಕು.

ಅಷ್ಟೇ ವಿಷ್ಯ. ಹಾಗಾದ್ರೆ ಮಿಷನ್ ಪಾಸು, ನಿಮ್ಮ ಕೆಲ್ಸಾನೂ ಆಯ್ತು. ನಗ್ರೀ ಈಗ.

ಬರಿಯೋದು ಯಾಕೆ ನಿಲ್ಸಿದ್ರಿ? ಏನಂದ್ರಿ, ಎರಡನೇದ್ರಾಗೆ ಏನೋ ಕೆಟ್ಟದ್ದು ಕಾಣ್ತೈತಾ? ಅವ್ನಿಗೇನೂ ಇಲ್ರೀ. ಗಟ್ಟಿ ಆಳು. ಸ್ವಲ್ಪ ಸೋಮಾರಿ, ಅಷ್ಟೇ. ಹೊತ್ತೇರಿದ್ರೂ ಏಳಲ್ಲ. ಮೊನ್ನೆ ಚೊಂಬು ಕೈ ಜಾರ್ತು, ಬೈದೆ. ಬಳ್ಳಿಗಾವಿ ದಾರೀಲಿ ಮಂದೆ ಬಿಟ್ಟು ಮರದಡಿ ಮಲಗಿದ್ದ, ಅವತ್ತಂತೂ ಕೋಲು ತಗೊಂಡೇ ಹೋದೆ...

ಹಂಗೆ ನೋಡ್ಬೇಡ್ರಿ.

ಮಿಷನ್ ಒಂದೊಂದ್ಸಲ ತಪ್ಪು ಮಾಡ್ತೈತೆ ಅಲ್ವಾ? ಅದಕ್ಕೇ ತಾನೇ ಇಷ್ಟೆಲ್ಲ ಪರೀಕ್ಷೆ. ಇನ್ನೂ ಸರಿಯಾಗಿ ಗೊತ್ತಿಲ್ಲ ಜಯಪ್ಪ ಅನ್ರೀ. ಒಂದ್ಸಲ ಅನ್ರೀ, ಸಾಕು...

ಆರು ತಿಂಗಳಿಂದ ತಲೆನೋವು ಅಂತಿದ್ದ ಮೇಡಂ. ಬೆಳಿಗ್ಗೆ ಎದ್ದು ಗೋಡೆ ಹಿಡ್ಕೊಂಡು ವಾಂತಿ ಮಾಡ್ತಿದ್ದ. ಕೆಲ್ಸ ತಪ್ಪಿಸ್ಕೊಳ್ಳೋಕೆ ನಾಟಕ ಅಂದೆ. ಆಸ್ಪತ್ರೆಯಿಂದ ಬಂದು, ಅಣ್ಣ, ಅವ್ರು ನನ್ನ ತಲೆ ನೋಡಿದ್ರಲ್ಲ, ಏನಾದ್ರೂ ಅಂದ್ರಾ ಅಂತ ದಿನಾ ಕೇಳ್ತಿದ್ದ. ಅದು ನಿನ್ ತಲೆ ಅಲ್ಲ, ನನ್ ಹೆಸರಿನ ತಲೆ ಅಂತ ತಮಾಷೆ ಮಾಡ್ತಿದ್ದೆ.

ಇಗೋ, ಕುರಿ ಹಟ್ಟಿ ಹತ್ರಾನೇ ಇದಾನೆ. ಕರೀತೀನಿ... ನಾಗೇಶ, ಬಾರೋ ಇಲ್ಲಿ. ಮೇಡಂ ನಿನ್ನೇ ಹುಡುಕ್ಕೊಂಡು ಬಂದಾರೆ.